ವಿವಿಪ್ಯಾಟ್‌ನಲ್ಲಿ ಚೀಟಿ ಮುದ್ರಣವಾಗುತ್ತಿಲ್ಲ: ಪೇಟೆಯ ಥರ್ಮಲ್ ಸುರುಳಿ ಹಾಕಬಹುದೇ?

ಪ್ರಶ್ನೆ (ಶಿಕ್ಷಕ, ಮುಧೋಳ):
ನಮಸ್ಕಾರ. ಮತಗಟ್ಟೆ ಸಿಬ್ಬಂದಿಯ ತರಬೇತಿಗೆ ಕೊಟ್ಟಿರುವ ಎಂ-3 ಮಾದರಿಯ ಮತಯಂತ್ರವನ್ನು ನಮ್ಮ ಶಾಲೆಯಲ್ಲಿ ಜೋಡಿಸಿದ್ದೇವೆ. ಮತದಾರ ಗುಂಡಿ ಒತ್ತುವ ಬ್ಯಾಲೆಟ್ ಯೂನಿಟ್‌ನ ಕೇಬಲ್ ಮತದ ಚೀಟಿ ಮುದ್ರಿಸುವ ವಿವಿಪ್ಯಾಟ್‌ಗೂ, ವಿವಿಪ್ಯಾಟ್‌ನದು ಮತಗಳ ಲೆಕ್ಕ ಇಡುವ ಕಂಟ್ರೋಲ್ ಯೂನಿಟ್‌ಗೂ ಸರಿಯಾಗಿ ಸೇರಿವೆ. ಆದರೂ ಚಾಲೂ ಮಾಡಿದೊಡನೆ ದೋಷದ ಸೂಚನೆ ಬರುತ್ತದೆ. ಒಂದು ಚೀಟಿಯೂ ಬರುವುದಿಲ್ಲ. ಕಾಗದ ಮುಗಿದಿರಬಹುದೆಂದು ಸಹೋದ್ಯೋಗಿಯೊಬ್ಬರು ಬಾಗಲಕೋಟೆಯ ಅಂಗಡಿಯಿಂದ ಬಿಲ್ ಯಂತ್ರದ ಥರ್ಮಲ್ (ಶಾಖದಿಂದ ಅಕ್ಷರ ಮೂಡುವ) ಕಾಗದದ ಸುರುಳಿ ತಂದಿದ್ದಾರೆ. ಹಾಕಬಹುದೇ?

ಉತ್ತರ (ನಿವೃತ್ತ ಸೆಕ್ಟರ್ ಅಧಿಕಾರಿ, ವಿಜಯಪುರ):
ಗುರುಗಳೇ, ದಯವಿಟ್ಟು ಆ ಸುರುಳಿಯನ್ನು ಅಂಗಡಿಗೆ ಮರಳಿಸಿ, ಯಂತ್ರವನ್ನು ಬಿಚ್ಚಬೇಡಿ. ಮೊದಲು ಕಂಟ್ರೋಲ್ ಯೂನಿಟ್ ಬಂದ್ ಮಾಡಿ, ವಿವಿಪ್ಯಾಟ್‌ನ ಹಿಂಬದಿಯ ನಾಬ್ ನೋಡಿ. ಸಾಗಣೆಯಲ್ಲಿ ಕಾಗದ ಅಲುಗಾಡದಂತೆ ಅದನ್ನು ಅಡ್ಡಲಾಗಿ ಇಟ್ಟಿರುತ್ತಾರೆ. ಕೆಲಸಕ್ಕೆ ಅದು ನೆಟ್ಟಗೆ ನಿಲ್ಲಬೇಕು.

ಸುರುಳಿಯ ಮಾತನ್ನು ನಾನು ಹಗುರವಾಗಿ ಬಿಡಲಾರೆ. ಚುನಾವಣಾ ಆಯೋಗವು ಈ ಯಂತ್ರಗಳನ್ನು ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಎಂಬ ಎರಡು ಸರ್ಕಾರಿ ಸಂಸ್ಥೆಗಳಿಂದ ಮಾತ್ರ ಕೊಳ್ಳುತ್ತದೆ. ವಿನ್ಯಾಸವನ್ನು ತಾಂತ್ರಿಕ ತಜ್ಞರ ಸಮಿತಿ ಒಪ್ಪಬೇಕು, ಗುಣಮಟ್ಟವನ್ನು ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆ ಎಸ್‌ಟಿಕ್ಯೂಸಿ ಪರೀಕ್ಷಿಸಬೇಕು. ಜಿಲ್ಲೆಗೆ ಬಂದ ಮೇಲೂ ಬಿಇಎಲ್, ಇಸಿಐಎಲ್ ಎಂಜಿನಿಯರುಗಳು ಪಕ್ಷಗಳ ಪ್ರತಿನಿಧಿಗಳ ಎದುರಿನಲ್ಲೇ ಪ್ರಥಮ ಹಂತದ ತಪಾಸಣೆ ನಡೆಸುತ್ತಾರೆ. ಹೀಗೆ ಒಪ್ಪಿಗೆ ಪಡೆದದ್ದು ಕಾಗದವೂ ಸೇರಿದ ಇಡೀ ಯಂತ್ರ. ಬಿಲ್ಲಿನ ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುವುದನ್ನು ನಾವೆಲ್ಲ ಕಂಡಿದ್ದೇವೆ. ಮತದಾರನಿಗೆ 7 ಸೆಕೆಂಡು ಕಂಡು ಪೆಟ್ಟಿಗೆಗೆ ಬೀಳುವ ಚೀಟಿಯಾದರೋ ಮುಂದೆ ಎಣಿಕೆಗೆ ಸಾಕ್ಷಿಯಾಗಬೇಕಾದದ್ದು. ಸುಪ್ರೀಂ ಕೋರ್ಟಿನ 2019ರ ಆದೇಶದಂತೆ ಪ್ರತಿ ವಿಧಾನಸಭಾ ಕ್ಷೇತ್ರದ 5 ಮತಗಟ್ಟೆಗಳ ಚೀಟಿಗಳನ್ನು ಎಣಿಸಿ ಕಂಟ್ರೋಲ್ ಯೂನಿಟ್‌ನ ಲೆಕ್ಕದೊಂದಿಗೆ ತಾಳೆ ನೋಡುತ್ತಾರೆ.

ಪ್ರಶ್ನೆ ಕೇಳಿದವರು:
ನಾಬ್ ಅಡ್ಡಲಾಗಿಯೇ ಇತ್ತು ಸರ್. ನೆಟ್ಟಗೆ ತಿರುಗಿಸಿ ಚಾಲೂ ಮಾಡಿದಾಗ ಚೀಟಿಗಳು ಬಂದವು. ಆದರೆ ಮಧ್ಯಾಹ್ನ ಮತ್ತೆ ನಿಂತಿತು. ಮೇಜು ಪಡುವಣ ಕಿಟಕಿಯ ಪಕ್ಕದಲ್ಲಿದೆ.

ಉತ್ತರ (ವಿಜಯಪುರ):
ಹಾಗಾದರೆ ಬಿಸಿಲೇ ಕಾರಣವಿರಬಹುದು. ನೇರ ಬೆಳಕು ಒಳಗಿನ ಸೆನ್ಸರನ್ನು ತಪ್ಪುದಾರಿಗೆ ಎಳೆಯುತ್ತದೆ. 2018ರಲ್ಲಿ ಉತ್ತರ ಪ್ರದೇಶದ ಕೈರಾನಾ ಉಪಚುನಾವಣೆಯಲ್ಲಿ ಇಂಥದ್ದೇ ತೊಂದರೆಯಾಗಿತ್ತು. ನಮ್ಮ ಭಾಗದ ಮತದಾನವೂ 2024ರಲ್ಲಿ ಮೇ 7ರ ಬಿಸಿಲಿನಲ್ಲೇ ನಡೆದದ್ದು. ಆದ್ದರಿಂದ ಕಿಟಕಿಗೂ ಬಲ್ಬಿಗೂ ದೂರವಾಗಿ ಮೇಜು ಹಾಕುವುದನ್ನು ತರಬೇತಿಯಲ್ಲೇ ಕಲಿಸಿ. ಮತದಾನದ ನಡುವೆ ವಿವಿಪ್ಯಾಟ್ ಮಾತ್ರ ಕೆಟ್ಟರೆ ಅದೊಂದನ್ನೇ ಬದಲಿಸಬೇಕು. ಉಳಿದೆರಡರಲ್ಲಿ ಯಾವುದು ಕೆಟ್ಟರೂ ಇಡೀ ಜೋಡಣೆಯನ್ನೇ ಬದಲಿಸಬೇಕು.

ಪ್ರಶ್ನೆ ಕೇಳಿದವರು:
ಮೇಜನ್ನು ಒಳಗೋಡೆಗೆ ಸರಿಸಿ 50 ಅಣಕು ಮತ ಹಾಕಿಸಿದೆವು. ಚೀಟಿಗಳ ಎಣಿಕೆ ಕಂಟ್ರೋಲ್ ಯೂನಿಟ್‌ನ ಲೆಕ್ಕಕ್ಕೆ ಸರಿಹೊಂದಿತು. ಸುರುಳಿಯನ್ನು ಅಂಗಡಿಯವರು ಮರಳಿ ಪಡೆದರು.