ಕೆಲಸದಲ್ಲಿದ್ದುಕೊಂಡೇ ಹುಡುಕಲೋ, ಬಿಟ್ಟು ಹುಡುಕಲೋ?

ಬೆಣ್ಣೆನಗರಿ:
ದಾವಣಗೆರೆಯಲ್ಲೇ ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಸೇರಿ 4 ವರ್ಷ 10 ತಿಂಗಳಾಯ್ತು. ಬೇಸಿಕ್ (ಮೂಲ ಸಂಬಳ) 20,000, ನೋಟಿಸ್ ಅವಧಿ 60 ದಿನ. ಬೆಂಗಳೂರಿನ ಕಡೆ ನೋಡ್ಬೇಕು ಅಂತಿದೀನಿ. ಇಲ್ಲಿ ಗೊತ್ತಾದ್ರೆ ಕಷ್ಟ. ರಾಜೀನಾಮೆ ಕೊಟ್ಟೇ ಹುಡುಕಲಾ?

ಕೋಟೆನಾಡು:
ಬಿಡಬೇಡಿ ಸರ್. ಹುಡುಕೋದು ಇವತ್ತೇ ಶುರು ಮಾಡಿ, ಬಿಡೋ ದಿನ ಮಾತ್ರ 5 ವರ್ಷ ತುಂಬಿದ ಮೇಲೆ ಬರೋ ಹಾಗೆ ನೋಡ್ಕೊಳ್ಳಿ. 5 ವರ್ಷ ತುಂಬಿಸಿ ಬಿಟ್ಟವರಿಗೆ ಕಂಪನಿ ಕೊಡೋ ಇಡಿಗಂಟು, ಅಂದ್ರೆ ಗ್ರಾಚ್ಯುಟಿ, ಲೆಕ್ಕ ಹಾಕಿ: 20,000 × 15 ÷ 26 × 5 (ತಿಂಗಳಿಗೆ 26 ದಿನ ಅಂತ ಹಿಡಿದು, ವರ್ಷಕ್ಕೆ 15 ದಿನದ ಸಂಬಳ). ಬೇಸಿಕ್ ಒಂದನ್ನೇ ಹಿಡಿದರೂ 57,692 ರೂಪಾಯಿ. ಡಿಎ (ತುಟ್ಟಿಭತ್ಯೆ) ಇದ್ದರೆ ಅದೂ ಸೇರುತ್ತೆ. ಐದನೇ ವರ್ಷದಲ್ಲಿ 240 ದಿನ ಆದ್ರೆ ಸಾಕು ಅನ್ನೋ ವಾದವೂ ಇದೆ, ಆದರೆ ಅದನ್ನ ನಂಬಿ ಕಚೇರಿ ಅಲೆಯೋದಕ್ಕಿಂತ ಎರಡು ತಿಂಗಳು ತಡೆಯೋದು ಲೇಸು. ನೋಟಿಸ್ ಅವಧಿಯಲ್ಲಿ ದುಡಿದ ದಿನಗಳೂ ಸೇವೆಗೇ ಸೇರ್ತವೆ. ಹೊಸ ಕಂಪನಿಯವರು ‘ನೋಟಿಸ್ ಅವಧಿ ಬದಲಿಗೆ ಕೊಡಬೇಕಾದ ದುಡ್ಡು ನಾವು ಕಟ್ತೀವಿ, ಬೇಗ ಬನ್ನಿ’ ಅಂದಾಗಲೇ ಜನ ಎಡವೋದು. ರಿಲೀವ್ ಆದ ದಿನಕ್ಕೆ ಸೇವೆ ನಿಂತುಹೋಗುತ್ತೆ.

ಹಳೇಪೇಟೆ:
ಗುಟ್ಟಿನ ವಿಚಾರ. ಆಫೀಸಿನ ಲ್ಯಾಪ್‌ಟಾಪ್, ಮೇಲ್, ವೈಫೈ ಮುಟ್ಟಬೇಡಿ. ಲಿಂಕ್ಡ್‌ಇನ್ ಫೋಟೋಗೆ ‘ಕೆಲಸ ಹುಡುಕ್ತಿದೀನಿ’ ಅನ್ನೋ ಹಸಿರು ಪಟ್ಟಿ ಹಾಕಿದ್ರೆ ಊರಿಗೆಲ್ಲ ಡಂಗುರ ಸಾರಿದ ಹಾಗೆ. ರಿಕ್ರೂಟರ್‌ಗಳಿಗೆ ಮಾತ್ರ ಕಾಣೋ ಆಯ್ಕೆ ಇದೆ, ಅದನ್ನ ಒತ್ತಿ. ಅದೂ ಪೂರ್ತಿ ಗ್ಯಾರಂಟಿ ಅಲ್ಲ. ಮೊದಲ ಸುತ್ತುಗಳನ್ನ ಸಂಜೆ ವಿಡಿಯೋ ಕಾಲ್‌ನಲ್ಲಿ ಕೇಳಿ. ಕೊನೆಯ ಸುತ್ತಿಗೆ ಬೆಂಗಳೂರಿಗೆ ಹೋಗಲೇಬೇಕು ಅಂದ್ರೆ ದಾರಿ ಸುಮಾರು 260 ಕಿ.ಮೀ., ಅರ್ಧ ದಿನ ರಜೆ ಸಾಲದು, ಪೂರ್ತಿ ಸಿಎಲ್ ಹಾಕಿ. ಈಗಿನ ಮ್ಯಾನೇಜರ್ ನಂಬರನ್ನ ರೆಫರೆನ್ಸ್‌ಗೆ ಕೊಡಲೇಬೇಡಿ.

ಬೆಣ್ಣೆನಗರಿ:
ಹೊಸ ಕಂಪನಿಯವರು 30 ದಿನದಲ್ಲೇ ಸೇರಿ ಅಂದ್ರೆ?

ಕೋಟೆನಾಡು:
ಮೊದಲ ಫೋನಿನಲ್ಲೇ 60 ದಿನ ಅಂತ ಹೇಳಿಬಿಡಿ. ಒಪ್ಪದವರು ಅಲ್ಲೇ ಬಿಟ್ಟುಹೋಗ್ತಾರೆ, ನಿಮ್ಮ ರಜೆ ಉಳಿಯುತ್ತೆ. ಸೇರೋ ದಿನಾಂಕ ಬರೆದ ಆಫರ್ ಲೆಟರ್ ಕೈಗೆ ಬರೋ ತನಕ ರಾಜೀನಾಮೆ ಬೇಡ. ಸಿಟಿಸಿ (ಕಂಪನಿ ನಿಮ್ಮ ಮೇಲೆ ಮಾಡೋ ಒಟ್ಟು ಖರ್ಚು) ಅಂಕಿ ನೋಡಿ ಹಿಗ್ಗಬೇಡಿ. ಕಂಪನಿ ಪಾಲಿನ ಪಿಎಫ್, ಗ್ರಾಚ್ಯುಟಿ ಎಷ್ಟೋ ಕಡೆ ಅದರೊಳಗೇ ಇರ್ತವೆ. ತಿಂಗಳಿಗೆ ಕೈಗೆಷ್ಟು ಅಂತ ಕೇಳಿ, ಬೆಂಗಳೂರಿನ ಬಾಡಿಗೆ ಕಳೆದು ನೋಡಿ.

ಹಳೇಪೇಟೆ:
ಇನ್ನೊಂದು. ಹೊಸ ಕಂಪನಿಗೆ ಹಳೇ ಯುಎಎನ್ (ಕಂಪನಿ ಬದಲಾದರೂ ಬದಲಾಗದ ಪಿಎಫ್ ಗುರುತು) ನಂಬರನ್ನೇ ಕೊಡಿ. ಬಿಟ್ಟ ದಿನಾಂಕವನ್ನ ಹಳೇ ಕಂಪನಿ ಪಿಎಫ್ ಪೋರ್ಟಲ್‌ನಲ್ಲಿ ಹಾಕದಿದ್ರೆ, ಕೊನೆಯ ಕಂತು ಬಿದ್ದು 2 ತಿಂಗಳಾದ ಮೇಲೆ ನೀವೇ ಹಾಕಬಹುದು.