ಸಹಾಯ ಬೇಕು: ‘ಹೌಂಡ್’ ಪದದ ‘ಡ’ ಎಲ್ಲಿಂದ ಬಂತು?

ಎಲ್ಲರಿಗೂ ನಮಸ್ಕಾರ. ನಮ್ಮ ‘ಶ್ವಾನ’ಕ್ಕೂ ಇಂಗ್ಲಿಷಿನ ‘ಹೌಂಡ್’ಗೂ ನಂಟಿದೆ ಅಂತ ಗೊತ್ತಾದ ಮೇಲೆ ಒಂದು ವಾರದಿಂದ ಅದರ ಹಿಂದೆಯೇ ಬಿದ್ದಿದ್ದೇನೆ. ಈಗ ಒಂದೇ ಒಂದು ಅಕ್ಷರದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ.

ಇಂಗ್ಲಿಷ್, ಸ್ವೀಡಿಷ್ ಮುಂತಾದ ಜರ್ಮ್ಯಾನಿಕ್ ಭಾಷೆಗಳ ಮೂಲಭಾಷೆಯಾದ ಪ್ರೊಟೊ-ಜರ್ಮ್ಯಾನಿಕ್‌ನಲ್ಲಿ ನಾಯಿಗೆ *ಹುಂಡಜ್ ಅಂತಿದ್ದಿರಬೇಕು ಎಂದು ವಿದ್ವಾಂಸರ ಊಹೆ. ಬರಹದಲ್ಲಿ ಎಲ್ಲೂ ಸಿಗದ ರೂಪ, ಅದಕ್ಕೇ ಆ ನಕ್ಷತ್ರ. ಈಗ ಅಳಿದುಹೋಗಿರುವ ಗೋಥಿಕ್‌ನ ಹುಂಡ್ಸ್, ಸ್ವೀಡಿಷ್‌ನ ಹುಂಡ್ ಎಲ್ಲ ಅದರ ಮಕ್ಕಳು.

‘ಹ’ ಅರ್ಥವಾಯಿತು. ಸಂಸ್ಕೃತ, ಲ್ಯಾಟಿನ್, ಜರ್ಮ್ಯಾನಿಕ್ ಎಲ್ಲಕ್ಕೂ ಮೂಲವಾದ ಭಾಷೆಯ ‘ಕ’ ಜರ್ಮ್ಯಾನಿಕ್‌ನಲ್ಲಿ ‘ಹ’ ಆಯಿತು, ಇದಕ್ಕೆ ಗ್ರಿಮ್ ನಿಯಮ ಅಂತಾರೆ; ಸಂಸ್ಕೃತದಲ್ಲಿ ಅದೇ ‘ಕ’ ಬೇರೆಯಾಗಿ ‘ಶ’ ಆಯಿತು. ಲ್ಯಾಟಿನ್‌ನ ‘ಕನಿಸ್’ನಲ್ಲಿ ‘ಕ’ ಹಾಗೇ ಉಳಿದಿದೆ. ‘ಶುನಕ’ದ ‘ಶುನ್’ ಪಕ್ಕ ‘ಹುನ್’ ಇಟ್ಟು ನೋಡಿ, ಎಷ್ಟು ಚೆನ್ನಾಗಿ ಹೊಂದುತ್ತದೆ ಅಲ್ವಾ?

ಆದರೆ ‘ಡ’? ‘ಶತ’ದ ನೆಂಟ ‘ಹಂಡ್ರೆಡ್’ನಲ್ಲಿ ಮೊದಲ ‘ಡ’ ಬಂದದ್ದು ವರ್ನರ್ ನಿಯಮದಿಂದ, ಅಂದರೆ ಪದದ ಒತ್ತು ಎಲ್ಲಿತ್ತು ಎನ್ನುವುದರ ಮೇಲೆ ಹಳೆಯ ‘ತ’ ಜರ್ಮ್ಯಾನಿಕ್‌ನಲ್ಲಿ ‘ಡ’ ಆಗುವ ನಿಯಮದಿಂದ. ಅಲ್ಲಿ ಮೂಲದಲ್ಲೇ ‘ತ’ ಇತ್ತು. ಶ್ವಾನದಲ್ಲೂ ಕನಿಸ್‌ನಲ್ಲೂ ‘ತ’ ಇಲ್ಲವೇ ಇಲ್ಲ! ‘ಡ’ ಇಲ್ಲದ ಜರ್ಮ್ಯಾನಿಕ್ ರೂಪ ಹುಡುಕಿದೆ, ಸಿಗಲಿಲ್ಲ. ಕಡೆಗೆ, ಮೂಲ ಪದಕ್ಕೆ ‘ತೊ’ ಎಂಬ ಪ್ರತ್ಯಯ ಸೇರಿ ಅದರ ‘ತ’ ಹೀಗೇ ‘ಡ’ ಆಗಿರಬೇಕು ಎಂಬ ವಿವರಣೆ ಓದಿದೆ.

ಹಾಗಿದ್ದರೆ ಆ ಪ್ರತ್ಯಯ ಅರ್ಥಕ್ಕೆ ಏನು ಸೇರಿಸಿತು? ಜರ್ಮ್ಯಾನಿಕ್ ಬಿಟ್ಟು ಬೇರೆ ಭಾಷೆಯಲ್ಲಿ ಅದೇ ‘ತ’ ಇರುವ ನಾಯಿಯ ಪದ ಯಾವುದಾದರೂ ಇದೆಯಾ?