ಅಪ್ಪನ ಪಿಎಸ್ಎ 5.1 ಬಂದಿದೆ, ಅನುಭವ ಇದ್ದವರು ಹೇಳಿ

ಕೇಳಿದವರು: ಅಪ್ಪನಿಗೆ 66 ವರ್ಷ. ತೊಂದರೆ ಏನೂ ಇಲ್ಲ. ಸುಮ್ನೆ ಮಾಡಿಸಿದ ಹೆಲ್ತ್ ಚೆಕಪ್‌ನಲ್ಲಿ ಪಿಎಸ್ಎ (ಪ್ರಾಸ್ಟೇಟ್ ಗ್ರಂಥಿಗೆ ಸಂಬಂಧಿಸಿದ ರಕ್ತಪರೀಕ್ಷೆ) 5.1 ಬಂತು. ಬಯಾಪ್ಸಿ (ಸೂಜಿಯಿಂದ ಚೂರು ತೆಗೆದು ನೋಡುವುದು) ಮಾಡಿಸಿ ಎನ್ನುತ್ತಿದ್ದಾರೆ. ಪ್ರಾಸ್ಟೇಟ್ ಕ್ಯಾನ್ಸರ್ ಜಾಸ್ತಿಯಾಗುತ್ತಿದೆ ಎಂದು ಓದಿ ನಿದ್ದೆ ಬರುತ್ತಿಲ್ಲ. ಇದನ್ನು ಕಂಡವರು ಹೇಳಿ.

ಸೊಸೆಯೊಬ್ಬರು: ನಮ್ಮ ಮಾವನಿಗೆ ಮೂತ್ರ ಕಟ್ಟುತ್ತಿತ್ತು. ಕ್ಯಾನ್ಸರ್ ಅನುಮಾನವೇ ಇರಲಿಲ್ಲ. ಟಿಯುಆರ್‌ಪಿ (ಮೂತ್ರನಾಳದ ಮೂಲಕ ಪ್ರಾಸ್ಟೇಟ್ ಕೆರೆಯುವ ಆಪರೇಷನ್) ಮಾಡಿ, ಕೆರೆದು ತೆಗೆದ ಚೂರುಗಳನ್ನು ಲ್ಯಾಬ್‌ಗೆ ಕಳಿಸಿದರು. ಎರಡು ಚೂರಿನಲ್ಲಿ ಕ್ಯಾನ್ಸರ್ ಸಿಕ್ಕಿತು. ಮಾತ್ರೆಯಲ್ಲೇ ಹೋಗಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ. ಒಂಬತ್ತು ವರ್ಷವಾಯಿತು. ಈಗಲೂ ಓಡಾಡುತ್ತಾರೆ, ನಮಗೆಲ್ಲ ಬೈಯುತ್ತಾರೆ.

ಅಂಕಿಅಂಶದ ಕೆಲಸದವರು: ಈ ಮಾವನ ಕಥೆಯನ್ನೇ ಒಂದು ದೇಶದಷ್ಟು ದೊಡ್ಡದು ಮಾಡಿ ನೋಡಿ. ಅಮೆರಿಕದಲ್ಲಿ 1970-80ರ ದಶಕದಲ್ಲಿ ಈ ಕ್ಯಾನ್ಸರ್‌ನ ಸಂಖ್ಯೆ ಏರಿತ್ತು. ಅದರ ಬಹುಪಾಲಿಗೆ ಕಾರಣ ಟಿಯುಆರ್‌ಪಿ. ಬೇರೆ ತೊಂದರೆಗೆ ಮಾಡಿದ ಆಪರೇಷನ್, ಅದರಲ್ಲಿ ಸಿಕ್ಕ ಕ್ಯಾನ್ಸರ್. ಆಮೇಲೆ 80ರ ದಶಕದ ಕೊನೆಗೆ ಪಿಎಸ್ಎ ಹರಡಿತು. ಹೊಸ ಕೇಸುಗಳು ಒಂದೇ ಸಮನೆ ಮೇಲೇರಿ 1992ರಲ್ಲಿ ತುದಿ ಮುಟ್ಟಿದವು, ಮತ್ತೆ ಇಳಿದವು. ಕ್ಯಾನ್ಸರ್ ಹಾಗೆ ನಾಲ್ಕೈದು ವರ್ಷದಲ್ಲಿ ಬಂದು ಹೋಗುವಂಥದ್ದಲ್ಲ ಅಲ್ವಾ? ಮುಂದೆ ಎಂದೋ ಗೊತ್ತಾಗಬೇಕಿದ್ದವು ಒಟ್ಟಿಗೇ ಸಿಕ್ಕಿದ್ದವು. ಎಂದೂ ಗೊತ್ತಾಗದೇ ಹೋಗಬಹುದಾಗಿದ್ದವೂ ಜೊತೆಗೆ ಬಂದವು.

ಬಯಾಪ್ಸಿಯದ್ದೂ ಇದೇ ಪಾಡು. ಮೊದಲು ಆರು ಕಡೆ ಸೂಜಿ ಹಾಕುತ್ತಿದ್ದರು, ಈಗ ಹನ್ನೆರಡು ಕಡೆ. ಜಾಸ್ತಿ ಚುಚ್ಚಿದಷ್ಟೂ ಜಾಸ್ತಿ ಸಿಗುತ್ತದೆ. ಪಿಎಸ್ಎ ಸಾಮಾನ್ಯ ಮಿತಿ ಎನ್ನುವ 4ಕ್ಕಿಂತ ಕಡಿಮೆ ಇದ್ದವರಿಗೂ ಬಯಾಪ್ಸಿ ಮಾಡಿದ ಒಂದು ಅಧ್ಯಯನ 2004ರಲ್ಲಿ ಬಂತು. ಅವರಲ್ಲೂ ನೂರಕ್ಕೆ 15 ಜನರಲ್ಲಿ ಕ್ಯಾನ್ಸರ್ ಕಂಡಿತ್ತು!

ತಮ್ಮನೊಬ್ಬ: ನಿಮ್ಮ ಲೆಕ್ಕ ಸರಿ ಇರಬಹುದು. ಆದರೆ ನಮ್ಮಣ್ಣ ಪರೀಕ್ಷೆಯನ್ನೇ ಮಾಡಿಸಿರಲಿಲ್ಲ. ಸೊಂಟನೋವು ಎಂದು ಹೋದಾಗ ಮೂಳೆಗೆ ಹಬ್ಬಿತ್ತು. ಓದುವವರು ಪರೀಕ್ಷೆಯೇ ಬೇಡ ಎಂದುಕೊಳ್ಳಬಾರದು.

ಅಂಕಿಅಂಶದ ಕೆಲಸದವರು: ಒಪ್ಪಿದೆ, ಇದನ್ನು ನಾನೇ ಹೇಳಬೇಕಿತ್ತು. 2012ರಲ್ಲಿ ಅಮೆರಿಕದ ತಜ್ಞರ ಸಮಿತಿ ಎಲ್ಲರಿಗೂ ಪಿಎಸ್ಎ ಬೇಡ ಎಂದಿತು. ಪರೀಕ್ಷೆ ಕಡಿಮೆಯಾಯಿತು. ನಂತರದ ವರ್ಷಗಳಲ್ಲಿ ಹಬ್ಬಿದ ಮೇಲೆ ಗೊತ್ತಾಗುವ ಕೇಸುಗಳು ಏರಿದವು. 2018ರಲ್ಲಿ ಸಲಹೆ ಬದಲಾಯಿತು: 55ರಿಂದ 69 ವರ್ಷದವರು ಡಾಕ್ಟರ ಜೊತೆ ಮಾತಾಡಿ ತೀರ್ಮಾನಿಸಲಿ. ಯುರೋಪಿನ ದೊಡ್ಡ ಅಧ್ಯಯನದಲ್ಲೂ ಪಿಎಸ್ಎ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು ಕಡಿಮೆ.

ಸ್ವತಃ ಅನುಭವಿಸಿದವರು: ನನಗೂ ಬಯಾಪ್ಸಿಯಲ್ಲಿ ಸಿಕ್ಕಿತ್ತು, ಗ್ಲೀಸನ್ 6, ಅಂದರೆ ಹೆಚ್ಚಾಗಿ ನಿಧಾನವಾಗಿ ಬೆಳೆಯುವ ಬಗೆ. ಆಪರೇಷನ್ ಮಾಡಿಸಲಿಲ್ಲ. ಆಗಾಗ ಪಿಎಸ್ಎ, ಎಂಆರ್‌ಐ, ಬೇಕಾದಾಗ ಮತ್ತೆ ಬಯಾಪ್ಸಿ, ಅಷ್ಟೇ. ಮೊದಲ ವರ್ಷ ತಲೆಬಿಸಿ, ಆಮೇಲೆ ಅಭ್ಯಾಸವಾಯಿತು. ಬಯಾಪ್ಸಿಗೆ ಮೊದಲು ಪಿಎಸ್ಎ ಇನ್ನೊಮ್ಮೆ ನೋಡಿಸಬಹುದಾ, ಎಂಆರ್‌ಐ ಮಾಡಿಸಬಹುದಾ ಎಂದು ಡಾಕ್ಟರನ್ನು ಕೇಳಿ. ಮೂತ್ರದ ಸೋಂಕಿದ್ದರೂ ಪಿಎಸ್ಎ ಏರುತ್ತದೆ. ಪ್ರಾಸ್ಟೇಟ್ ದೊಡ್ಡದಾದವರಿಗೆ ಕೊಡುವ ಫಿನಾಸ್ಟರೈಡ್ ಮಾತ್ರೆ ತಗೊಳ್ಳುತ್ತಿದ್ದರೆ ಅರ್ಧದಷ್ಟು ಇಳಿದು ಕಾಣುತ್ತದೆ, ಅದನ್ನೂ ತಿಳಿಸಿ.

ಕೇಳಿದವರು: ಅಪ್ಪನನ್ನು ಈಗ ಕೂರಿಸಿಕೊಂಡು ಕೇಳಿದೆ. ಚೆಕಪ್ ಮಾಡಿಸಿದ ವಾರ ಉರಿಮೂತ್ರ ಇತ್ತಂತೆ! ನನಗೂ ಹೇಳಿಲ್ಲ, ಡಾಕ್ಟರಿಗೂ ಹೇಳಿಲ್ಲ. ನಾಳೆ ಹೋಗಿ ಅದನ್ನೇ ಮೊದಲು ಹೇಳುತ್ತೇನೆ.